ಎಂಟನೆಯ ಕಾಲು

ನಾನು ಎಲ್ಲವನ್ನೂ ಮೂರು ಸಲ ಅಳೆಯುವವಳು. ಇದನ್ನೂ ಅಳೆದು ತೂಗಿಯೇ ಬರೆಯುತ್ತಿದ್ದೇನೆ. ರಿಯೆಕಾ ಊರಿನ ನಮ್ಮ ಹೆಣಿಗೆ ಗುಂಪು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ಹತ್ತಿ ದಾರದಲ್ಲಿ ಆಕ್ಟೋಪಸ್ ಗೊಂಬೆ ಹೆಣೆಯುತ್ತದೆ. ಮಗು ಅದರ ಸುರುಳಿ ಸುರುಳಿಯಾದ ಕಾಲನ್ನು ಹೊಕ್ಕುಳಬಳ್ಳಿಯೆಂದುಕೊಂಡು ಹಿಡಿದು ಮಲಗುತ್ತದೆ. ಕೊರಳಿಗೆ ಸುತ್ತಿಕೊಳ್ಳಬಾರದೆಂದು, ಎಳೆದರೂ ಕಾಲು ಇಪ್ಪತ್ತೆರಡು ಸೆಂಟಿಮೀಟರ್ ದಾಟುವಂತಿಲ್ಲ.

ನಾನು ಹೆಣೆದ ಪ್ರತಿ ಗೊಂಬೆಯಲ್ಲೂ, ಮನೆಯಲ್ಲಿ ಸರಿಯಿದ್ದ ಎಂಟನೆಯ ಕಾಲು ಗುಂಪಿನ ಗುರುವಾರದ ತಪಾಸಣೆಯಲ್ಲಿ ಇಪ್ಪತ್ತನಾಲ್ಕು ಬರುತ್ತಿತ್ತು.

"ನೆವೆಂಕಾ, ಮತ್ತೆ ಸಡಿಲ ಬಿಟ್ಟಿದ್ದೀಯಲ್ಲೇ! ಟೀವಿ ನೋಡ್ಕೊಂಡು ಹಾಕ್ತೀಯಾ?" ಎಂದು ಅಳೆಯುವ ಮಿಲ್ಕಾ ನಕ್ಕಳು. ಆಮೇಲೆ ಕಾಲನ್ನು ಮುಟ್ಟಿ, "ಒಲೆ ಹತ್ರ ಇಟ್ಟಿದ್ಯೇನೇ? ತುದಿ ಬೆಚ್ಚಗಿದೆ," ಎಂದಳು.

ಬಿಚ್ಚಿ ಮತ್ತೆ ಹೆಣೆದೆ. ಮತ್ತೆ ಇಪ್ಪತ್ತನಾಲ್ಕು.

ಮೂವತ್ತು ವರ್ಷಗಳ ಹಿಂದೆ ನನ್ನ ಮಗಳು ಯೆಲ್ಕಾ ಅವಧಿಗೆ ಮುನ್ನ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ದಿನ ಬದುಕಿದ್ದಳು. "ಬೆರಳು ಕೊಡಿ, ಹಿಡ್ಕೋತಾಳೆ," ಎಂದು ದಾದಿ ಹೇಳಿದರೂ, ಸೋಂಕು ತಗುಲೀತೆಂದು ಹೆದರಿ ನಾನು ಕೊಡಲಿಲ್ಲ.

ಕೊನೆಯ ಗೊಂಬೆಯನ್ನು ಬಿಚ್ಚದೆ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ದಿನವೂ ಮಧ್ಯಾಹ್ನ ಎಂಟನೆಯ ಕಾಲಿನ ಸುರುಳಿಯೊಳಗೆ ಬೆರಳಿಟ್ಟು ಕೂರುತ್ತೇನೆ. ಸುರುಳಿ ಮೆಲ್ಲಗೆ ಬಿಗಿಯಾಗುತ್ತದೆ. ಇವತ್ತಿನವರೆಗೂ ಮೊದಲು ಬಿಡಿಸಿಕೊಂಡವಳು ನಾನೇ.