ನಾಲ್ಕಾದ ಮೇಲೆ ಏಳು

ಖಾಕಿ ಕಾಗದವನ್ನು ಪುಸ್ತಕದ ಅಳತೆಗೆ ಮಡಚಿ, ಮಡಿಕೆಯ ಮೇಲೆ ಉಗುರೆಳೆದು, ಮೂಲೆಗಳನ್ನು ಒಳಕ್ಕೆ ಸೇರಿಸುವಾಗ ಅವಳ ಕೈ ಎಲ್ಲೂ ತಡವರಿಸಲಿಲ್ಲ. ಹೊದಿಕೆ ಹಾಕದ ಪುಸ್ತಕ ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಬರಿಮೈಯಲ್ಲಿ ಬೀದಿಗೆ ಬಂದ ಹಾಗೆ ಅನ್ನುತ್ತಿದ್ದಳು. ಅದಕ್ಕೇ ಪ್ರೆಸ್ಸಿನಿಂದ ತಂದ ಪ್ರತಿ ಪುಸ್ತಕಕ್ಕೂ ಅವಳು ಅಡುಗೆಮನೆಯ ಮೇಜಿನ ಮೇಲೆ ಕೂತು ಹೊದಿಕೆ ಹಾಕುತ್ತಿದ್ದಳು. ಆದರೆ ಈ ಪುಸ್ತಕಕ್ಕೆ ಹೊದಿಕೆ ಹಾಕುವ ಮೊದಲು ಇನ್ನೊಂದು ಸಣ್ಣ ಕೆಲಸ ಮಾಡಿದ್ದಳು. ಪೆನ್ಸಿಲ್ ಚೂಪು ಮಾಡುವ ಬ್ಲೇಡಿನಿಂದ ಒಂದೇ ಒಂದು ಹಾಳೆಯನ್ನು, ಗೋಂದು ಹಚ್ಚಿದ ಬೆನ್ನಿನವರೆಗೂ ಬ್ಲೇಡನ್ನು ಒತ್ತಿ ಕುಯ್ದು ತೆಗೆದಿದ್ದಳು. ಬೆರಳಾಡಿಸಿದರೂ ಗೊತ್ತಾಗದಷ್ಟು ನಯವಾಗಿತ್ತು.

"ಏ ಪುಟ್ಟಿ, ಇನ್ನೂ ಆಗ್ಲಿಲ್ವೇನೇ? ಪುಸ್ತಕಕ್ಕೆ ರವಿಕೆ ಹೊಲೀತಿದ್ದೀಯಾ?" ನಡುಮನೆಯಿಂದ ಅಕ್ಕ ಕೂಗಿದಳು.

"ಬಂದೆ ಅಕ್ಕಾ."

ಐವತ್ತು ದಾಟಿದ ಮೇಲೂ ಪುಟ್ಟಿ. ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಪ್ರೂಫ್ ಮೇಡಂ ಅನ್ನುತ್ತಿದ್ದರು. ಅವಳ ಕೆಂಪು ಟಿಕ್ಕು ಬೀಳದೆ ಒಂದು ಹಾಳೆಯೂ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಮನೆಯ ಹೊಸಿಲು ದಾಟಿದ ಕೂಡಲೇ ಆ ಹೆಸರು ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು.

ಅಕ್ಕ ಹೊಲಿಗೆ ಶಾಲೆಯ ಮೇಡಂ ಆಗಿದ್ದವಳು. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವಳು. ಸಾಕಿದ್ದನ್ನು ಒಂದು ದಿನವೂ ಮರೆಯಲು ಬಿಡದವಳು. ಮೆಷಿನ್ ಮೇಷ್ಟ್ರು, ಅಂದರೆ ಪ್ರೆಸ್ಸಿನ ಯಂತ್ರ ನೋಡಿಕೊಳ್ಳುವವರು, ಮೊದಲ ಸಲ ಹೆಣ್ಣು ಕೇಳಿಕೊಂಡು ಬಂದಾಗ ಅಕ್ಕ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸದೆಯೇ "ನಮ್ಮ ಪುಟ್ಟಿಗೆ ಇನ್ನೂ ಬುದ್ಧಿ ಬಂದಿಲ್ಲ" ಅಂದಿದ್ದಳು. ಆತ ಬೇರೆ ಮದುವೆಯಾದರು, ಮಗಳನ್ನು ಬೆಳೆಸಿದರು, ಹೆಂಡತಿಯನ್ನು ಕಳೆದುಕೊಂಡರು. ಈಚೆಗೆ ಮತ್ತೆ ಬಂದು, ತಲೆ ತಗ್ಗಿಸಿಕೊಂಡೇ ಮತ್ತೆ ಕೇಳಿದರು. ಅಕ್ಕ ಈ ಸಲವೂ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಈ ವಯಸ್ಸಲ್ಲಿ ಮದುವೇನಾ? ಜನ ಮೂಗಲ್ಲಿ ನಗ್ತಾರೆ. ಅವಳು ಹೋದ್ರೆ ನನ್ನ ಕಾಲು ಒತ್ತೋರು ಯಾರು, ನೀವು ಬಂದು ಒತ್ತೀರಾ?"

ಆತ ಎದ್ದು ಹೋಗುವಾಗ ಬಾಗಿಲಲ್ಲಿ ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ್ದರು: "ರೋಗಿ ಅಕ್ಕನ್ನ ಬಿಟ್ಟು ಬಾ ಅಂತ ನಾನು ಕರೆಯೋಲ್ಲ. ಅದು ಸರಿ ಹೋಗಲ್ಲ. ಆದ್ರೆ ವರ್ಷದ ಕೊನೇಲಿ ಮಗಳ ಊರಿಗೆ ಹೊರಟುಹೋಗ್ತೀನಿ."

ಬಿಟ್ಟು ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಅಕ್ಕನೇ ಹೋಗಬೇಕಿತ್ತು.

ಅಕ್ಕನ ಎದೆಯಲ್ಲಿ ಲೋಹದ ಕವಾಟವಿತ್ತು. ವರ್ಷಗಳ ಹಿಂದೆ ಎದೆ ಸೀಳಿ ಕೂರಿಸಿದ್ದು. ಮನೆ ಸದ್ದಿಲ್ಲದೆ ಇದ್ದಾಗ ಅದು ಟಿಕ್ ಟಿಕ್ ಅನ್ನುವುದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. "ನನಗೆ ಕೀಲಿ ಕೊಡೋ ಕೆಲಸವೇ ಇಲ್ಲ" ಎಂದು ಅಕ್ಕ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಆ ಲೋಹದ ಸುತ್ತ ರಕ್ತ ಹೆಪ್ಪುಗಟ್ಟಬಾರದೆಂದು ದಿನವೂ ಒಂದು ಗುಲಾಬಿ ಬಣ್ಣದ ಮಾತ್ರೆ. ಅದನ್ನು ನುಂಗಿದರೆ ಮೈಗೆ ಏನೂ ಅನ್ನಿಸುವುದಿಲ್ಲ, ಬಿಟ್ಟರೂ ಏನೂ ಅನ್ನಿಸುವುದಿಲ್ಲ. ಹೆಪ್ಪುಗಟ್ಟುವ ದಿನದವರೆಗೂ ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ಬಿಡಿಸಲು ಇಷ್ಟು ಸುಲಭವಾದ ಮಾತ್ರೆ ಇನ್ನೊಂದಿಲ್ಲ ಎಂದು ಅವಳಿಗೆ ಹೊಳೆದದ್ದು ಕೆಲಸದ ಮೇಜಿನ ಮುಂದೆಯೇ, ಕೈಯಲ್ಲಿ ಕೆಂಪು ಪೆನ್ನು ಹಿಡಿದಿದ್ದಾಗ.

ಪ್ರೆಸ್ಸಿನವರು ಮನಸ್ಸು ಮೈಗಳ ನಂಟಿನ ಬಗ್ಗೆ ಒಂದು ಮಾಲೆಯನ್ನೇ ಅಚ್ಚು ಹಾಕುತ್ತಿದ್ದರು. ತನ್ನನ್ನು ತಾನೇ ವಾಸಿಮಾಡಿಕೊಳ್ಳುವುದು ಹೇಗೆ, ಉಸಿರಾಟ, ಮೌನ, ಕ್ಷಮೆ, ಅಂಗಾಂಗಗಳ ಜೊತೆ ಮಾತುಕತೆ. ಪ್ರತಿ ಪುಸ್ತಕದ ಕೊನೆಯಲ್ಲೂ 'ಮುಂದೆ ಇವನ್ನೂ ಓದಿ' ಎಂದು ಮಾಲೆಯ ಉಳಿದ ಹೆಸರುಗಳು. ಪುಸ್ತಕಗಳಲ್ಲಿ ತಪ್ಪೇನೂ ಇರಲಿಲ್ಲ. ನಡೆಯಿರಿ, ನಿದ್ದೆ ಮಾಡಿ, ಹಗೆ ಬಿಡಿ ಅನ್ನುವುದರಲ್ಲಿ ತಪ್ಪೇನು? ಅವಳಿಗೆ ಬೇಕಾಗಿದ್ದದ್ದು ಅಲ್ಲಲ್ಲಿ ಬರುವ ಒಂದೆರಡು ಸಾಲು ಮಾತ್ರ: 'ನಿಮ್ಮ ಮೈಗೆ ಎಲ್ಲವೂ ಗೊತ್ತು', 'ಭಯವೇ ನಿಜವಾದ ರೋಗ'. ಉಳಿದದ್ದನ್ನು ಅಕ್ಕನ ಹಟ ನೋಡಿಕೊಳ್ಳುತ್ತದೆ.

ಆ ಹಟದ ಮೇಲೆಯೇ ಅವಳು ಇಡೀ ಯೋಜನೆಯನ್ನು ಕಟ್ಟಿದ್ದಳು. ಅವಳು ಪೂರ್ವ ಅಂದರೆ ಅಕ್ಕನಿಗೆ ಪಶ್ಚಿಮ. ಆದ್ದರಿಂದ ಮಾತ್ರೆ ಬಿಡು ಎಂದು ಅವಳು ಒಂದು ಸಲವೂ ಹೇಳಬೇಕಿರಲಿಲ್ಲ. ತೆಗೆದುಕೋ ಎಂದು ದಿನವೂ ಪೀಡಿಸಿದರೆ ಸಾಕು. ನಾಳೆ ಯಾರಾದರೂ ಕೇಳಿದರೆ ಅವಳ ಬಾಯಿಂದ ಬಂದದ್ದೆಲ್ಲ ಒಳ್ಳೆಯ ಮಾತೇ ಆಗಿರುತ್ತದೆ.

ಮಾತಿಗೆ ಸಾಕ್ಷಿ ಇರುವುದಿಲ್ಲ, ಕಾಗದಕ್ಕೆ ಇರುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಅವಳು ಬರೆದದ್ದು ಡಾಕ್ಟರಿಗೊಂದು ಕಾಗದ. ಪ್ರೆಸ್ಸಿನ ಮೇಜಿನ ಮೇಲೆ ಮಾಲೆಯ ಪುಸ್ತಕವೊಂದನ್ನು ತೆರೆದಿಟ್ಟುಕೊಂಡು, ಊಟದ ಬಿಡುವಿನಲ್ಲಿ, ನಿಧಾನವಾಗಿ ಬರೆದಳು. ಅಕ್ಕ ಇಂಥ ಪುಸ್ತಕಗಳನ್ನು ಓದಿ ಮಾತ್ರೆ ಬಿಟ್ಟಿದ್ದಾಳೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಎದುರಿಗೆ ದೂರು ಹೇಳಿದರೆ ನನ್ನ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಕರೆದು ಬುದ್ಧಿ ಹೇಳಿ. ಹೇಳಿದ ಮಾತಿಗೆ ಆಧಾರ ಕೊಡದೆ ಬಿಡುವ ಅಭ್ಯಾಸ ಅವಳಿಗಿರಲಿಲ್ಲವಾಗಿ, ಪುಸ್ತಕದಿಂದ ಒಂದು ಸಾಲನ್ನು ಎತ್ತಿ ಪುಟಸಂಖ್ಯೆಯ ಸಮೇತ ಬರೆದಳು. ತಾರೀಖು ಹಾಕಲಿಲ್ಲ. ಲಕೋಟೆ ಅಂಟಿಸಿ, ಅಂಚೆಚೀಟಿ ಹಚ್ಚಿ, ಕೈಚೀಲದ ಒಳಜೇಬಿನಲ್ಲಿಟ್ಟಳು. ಇನ್ನೇನು ಆಗಿಯೇ ಹೋಯಿತು ಅನ್ನುವ ದಿನ ಅದನ್ನು ಹಾಕಬೇಕು. ಡಾಕ್ಟರು ಓದುವ ಹೊತ್ತಿಗೆ ತಡವಾಗಿರಬೇಕು. ಅಂಚೆ ನಿಧಾನ ಎನ್ನುವುದು ಯಾರ ಅಪರಾಧವೂ ಅಲ್ಲ.

ಬ್ಲೇಡಿನ ಕೆಲಸ ಆಮೇಲೆ ಸೇರಿಕೊಂಡದ್ದು. ಮೊದಲ ಪುಸ್ತಕವನ್ನು ಮನೆಗೆ ತಂದ ದಿನವೇ, ಅಕ್ಕ ಪುಸ್ತಕ ಓದುವ ರೀತಿ ಅವಳಿಗೆ ನೆನಪಾಯಿತು. ಕೊಟ್ಟ ಕಾಸು ವಸೂಲಾಗಬೇಕೆಂಬಂತೆ ಅಚ್ಚು ಹಾಕಿದವರ ವಿಳಾಸದಿಂದ ಶುರುಮಾಡುತ್ತಿದ್ದಳು ಅಕ್ಕ. ಮಾಲೆಯ ಪುಸ್ತಕಗಳ ಆರಂಭದಲ್ಲಿಯೇ, ಒಂದಿಡೀ ಪುಟದ ನಡುವೆ, ಎಚ್ಚರಿಕೆಯ ಮಾತೊಂದಿತ್ತು. ಅದು ಅಕ್ಕನ ಕಣ್ಣಿಗೆ ಬೀಳುವುದು ಬೇಡ. ಹಾಳೆಯ ಹಿಂಬದಿ ಖಾಲಿ. ಕಿತ್ತರೆ ಪುಸ್ತಕಕ್ಕೆ ನಷ್ಟವಿಲ್ಲ. ಕಿತ್ತ ಹಾಳೆಗಳು ಪ್ರೆಸ್ಸಿನ ರದ್ದಿ ಮೂಟೆಯಲ್ಲಿ ಸೇರಿ ಗಿರಣಿಗೆ ಹೋದವು. ಯೋಜನೆಯಲ್ಲಿ ಕೊನೆಯ ಗಳಿಗೆಯಲ್ಲಿ ಮಾಡಿದ ಈ ತಿದ್ದುಪಡಿಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಪುಸ್ತಕಗಳು ಅಕ್ಕನಿಗೆ ಹಿಡಿಸಿದವು. ಹಿಡಿಸದೆ ಏನು? ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳಿಗೆ 'ನೀವು ಹೇಳಿದ್ದೇ ಸರಿ' ಅನ್ನುತ್ತಿದ್ದರು. ಒಂದು ಮುಗಿದ ಕೂಡಲೇ ಕೊನೆಯ ಪುಟ ತೆಗೆದು "ಇದರಲ್ಲಿ ಹಾಕಿರೋ ಮುಂದಿನದ್ದು ತಾರೇ" ಅನ್ನುವಳು. ಬೆಳಿಗ್ಗೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕವಾಟದ ಜೊತೆ ಮಾತಾಡುವಳು. ಹೊಲಿಗೆ ಶಾಲೆಯ ಹುಡುಗಿಯರನ್ನು ಗದರಿಸಿದ ದನಿಯಲ್ಲೇ ಅದಕ್ಕೆ ಬುದ್ಧಿ ಹೇಳುವಳು.

"ಮಾತ್ರೆ ತಗೊಂಡ್ಯಾ ಅಕ್ಕಾ?"

"ನೀನೇನು ನನ್ನ ಹೆತ್ತೋಳಾ?"

"ಬಿಡಬಾರದು ಅಕ್ಕಾ, ಡಾಕ್ಟರು ಹೇಳಿದ್ದಾರೆ."

"ಡಾಕ್ಟರಿಗೇನು, ನನ್ನ ಎದೇಲಿ ಅವರು ವಾಸ ಮಾಡ್ತಾರಾ? ಹೋಗು, ನಿನ್ನ ಕಾಮಾ ಚುಕ್ಕಿ ನೋಡ್ಕೋ."

ಒಂದು ಬೆಳಿಗ್ಗೆ ಕಿಟಕಿಯ ಹೂಕುಂಡಕ್ಕೆ ನೀರು ಹಾಕುವಾಗ ಮಣ್ಣಿನ ಮೇಲೆ ಗುಲಾಬಿ ಬಣ್ಣದ ಕಲೆ ಕಂಡಿತು. ಮರುದಿನ ಇನ್ನೊಂದು. ಅವಳು ಅದರ ಮೇಲೆ ನೀರು ಸುರಿದು, ಮಣ್ಣನ್ನು ಬೆರಳಿನಿಂದ ಸವರಿ ಸಮಮಾಡಿದಳು. ಅಂದು ಕೆಲಸಕ್ಕೆ ಹೋಗುವಾಗ ತಿಳಿನೀಲಿ ಸೀರೆ ಉಟ್ಟಳು. ಮೆಷಿನ್ ಮೇಷ್ಟ್ರು ಮಸಿ ಮೆತ್ತಿದ ಕೈ ಒರೆಸಿಕೊಳ್ಳುತ್ತ "ಏನು, ಇವತ್ತು ವಿಶೇಷ?" ಅಂದರು.

"ಏನಿಲ್ಲ. ಮಗಳ ಊರಿಗೆ ಹೋಗೋ ಅವಸರ ಬೇಡ" ಅಂದಳು. ಅಷ್ಟೇ. ಅಷ್ಟು ಮಾತೂ ಹೆಚ್ಚಾಯಿತೇನೋ ಎಂದು ದಾರಿಯುದ್ದಕ್ಕೂ ತೂಗಿ ನೋಡಿ, ಇಲ್ಲ ಎಂದು ತೀರ್ಮಾನಿಸಿದಳು.

ಅವಳಿಗಿದ್ದ ಒಂದೇ ತಲೆನೋವು ಪಕ್ಕದ ಮನೆಯ ನರ್ಸಮ್ಮ. ಡಾಕ್ಟರ ಕ್ಲಿನಿಕ್ಕಿನಲ್ಲಿ ಹಳೆಯ ಕಾಲದಿಂದ ಕೆಲಸಕ್ಕಿದ್ದವಳು. ಬಾಗಿಲು ತಟ್ಟದೆ ಒಳಗೆ ಬರುವವಳು. ಒಂದು ಸಂಜೆ ಹಾಗೆಯೇ ಬಂದು ಅಕ್ಕನ ಮಂಚದ ತುದಿಯಲ್ಲಿ ಕೂತಳು.

"ರಕ್ತ ಪರೀಕ್ಷೆಗೆ ಬರಲೇ ಇಲ್ವಲ್ಲ ಮೇಡಂ?"

"ಮುಂದಿನ ವಾರ ಬರ್ತೀನಿ ಕಣಮ್ಮ. ನನಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೀನಿ."

"ಮಾತ್ರೆ?"

"ತಪ್ಪದೇ" ಎಂದಳು ಅಕ್ಕ, ರೆಪ್ಪೆ ಮಿಟುಕಿಸದೆ. ಪುಟ್ಟಿ ಹೂಕುಂಡದ ಕಡೆ ನೋಡಲಿಲ್ಲ.

"ಬನ್ನಿ ಮಾರಾಯ್ತಿ, ಡಾಕ್ಟರು ಕೇಳಿದ್ರೆ ನಾನೇ ಉತ್ತರ ಕೊಡಬೇಕು. ಎಲ್ಲದಕ್ಕೂ ನಾನೇ. ತಮಗೆ ಬಂದ ಕಾಗದಾನೂ ಒಡೆಯಲ್ಲ ಆ ಪುಣ್ಯಾತ್ಮ. ನಾನು ಒಡೆದು, ನಾನು ಓದಿ, ನಾನು ಹೇಳಿದ್ರೆ ಹೂಂ ಅಂತಾರೆ."

ಅಕ್ಕ ಕಿಸಕ್ಕನೆ ನಕ್ಕು ದಿಂಬಿನ ಪಕ್ಕದ ಪುಸ್ತಕ ಎತ್ತಿಕೊಟ್ಟಳು. "ಇದನ್ನ ನೋಡು, ಎಷ್ಟು ಚೆನ್ನಾಗಿ ಬರೆದಿದ್ದಾರೆ. ಆದ್ರೆ ಇವಳ ಪ್ರೆಸ್ಸಿನವರ ಯೋಗ್ಯತೆ ನೋಡು. ಪುಟ ನಾಲ್ಕಾದ್ಮೇಲೆ ಏಳು! ಒಂದರಲ್ಲಿ ಅಂತಲ್ಲ, ತಂದ ಎಲ್ಲದರಲ್ಲೂ ಹಾಗೇ. ನಮ್ಮ ಶಾಲೇಲಿ ಹೀಗೆ ತೋಳಿಲ್ಲದ ಅಂಗಿ ಹೊಲಿದಿದ್ರೆ ಹೊರಗೆ ನಿಲ್ಲಿಸ್ತಿದ್ದೆ."

ನರ್ಸಮ್ಮ ಹಾಳೆ ಮಗುಚಿ ನೋಡಿ ನಕ್ಕಳು. "ಹೌದಲ್ಲ! ಏನ್ರೀ ಪ್ರೂಫ್ ಮೇಡಂ, ನಿಮ್ಮಲ್ಲಿ ಐದು ಆರು ಎಣಿಸೋಕೆ ಬರೋಲ್ವಾ?"

"ಅದು ಬೈಂಡಿಂಗಿನವರ ಕೆಲಸ. ಜೋಡಿಸುವಾಗ ಬಿಟ್ಟಿರ್ತಾರೆ" ಎಂದಳು ಅವಳು, ಸೊಸೆಯನ್ನು ದೂರುವ ಅತ್ತೆಯ ದನಿಯಲ್ಲಿ. ಮೂವರೂ ನಕ್ಕರು. ಒಂದು ಹಾಳೆ ಬಿಟ್ಟುಹೋದ ಪುಸ್ತಕ ಯಾರ ಮನೆಯಲ್ಲಿಲ್ಲ? ಹಾಳೆಯಲ್ಲಿ ಏನಿತ್ತೆಂದು ಗೊತ್ತಿದ್ದರೆ ತಾನೆ ಅನುಮಾನ. ಅವಳ ಎದೆ ಒಂದು ಬಡಿತವನ್ನೂ ತಪ್ಪಿಸಲಿಲ್ಲ.

"ಓದಿ ಕೊಡ್ತೀನಿ" ಎಂದು ನರ್ಸಮ್ಮ ಆ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಹೋದಳು. "ಕ್ಲಿನಿಕ್ಕಲ್ಲಿ ಮೇಜಿನ ಮೇಲಿಟ್ಕೊಂಡ್ರೆ ಹೊತ್ತು ಹೋಗತ್ತೆ."

ವಾರಗಳು ಹೋದವು. ಅವಳು ಅವಸರ ಪಡಲಿಲ್ಲ. ಕರಡು ತಿದ್ದುವವಳಿಗೆ ಅವಸರ ಎಂಬುದೇ ಮೊದಲ ತಪ್ಪು. ಅಕ್ಕನ ಕಾಲು ಒತ್ತುತ್ತ, ಅವಳ ಚುಚ್ಚುಮಾತಿಗೆಲ್ಲ ಹೂಂಗುಟ್ಟುತ್ತ, ಕಿವಿಯನ್ನು ಮಾತ್ರ ಆ ಟಿಕ್ ಟಿಕ್ ಮೇಲೆ ಇಟ್ಟಿದ್ದಳು. ಅಕ್ಕ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ "ವಯಸ್ಸು" ಅಂದಳು. ಪಾದ ಊದಿದಾಗ ಚಪ್ಪಲಿಯ ಪಟ್ಟಿ ಸಡಿಲ ಮಾಡಿಕೊಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಆ ಸದ್ದು ಬದಲಾಯಿತು. ಲೋಹಕ್ಕೆ ಲೋಹ ತಾಗುವ ಸದ್ದಲ್ಲ ಅದು. ಯಾರೋ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ. ಅಕ್ಕನ ತುಟಿಯ ಬಣ್ಣ ಸೀಸದ ಅಚ್ಚುಮೊಳೆಯ ಬಣ್ಣಕ್ಕೆ ತಿರುಗಿತ್ತು. ಮೂರು ದಿಂಬು ಒರಗಿಸಿದರೂ ಉಸಿರು ನಿಲುಕುತ್ತಿರಲಿಲ್ಲ.

"ಡಾಕ್ಟರನ್ನ ಕರೆಸಲಾ ಅಕ್ಕಾ?" ಕೇಳುವ ಮೊದಲೇ ಉತ್ತರ ಗೊತ್ತಿತ್ತು.

"ಬೇಡ... ನೀನು ಹೆದರಿಸ್ಬೇಡ. ಭಯಾನೇ... ರೋಗ." ಅಕ್ಕ ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೆ ಅಂದಳು, "ಪುಟ್ಟಿ... ಆ ಮುಂದಿನ ಪುಸ್ತಕ... ತಂದ್ಯಾ?"

"ನಾಳೆ ತರ್ತೀನಿ. ಮಲಗು. ಅಂಗಡಿ ಬೀದಿಗೆ ಹೋಗಿ ಬರ್ತೀನಿ."

ಚಪ್ಪಲಿ ಮೆಟ್ಟಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಒಗೆದ ಬಟ್ಟೆಗಳು ಕಂಬಿಗಳ ಮೇಲೆ ಒಣಗುತ್ತಿದ್ದವು. ಅವಳು ನಡೆಯುತ್ತಲೇ ಮುಂದಿನದನ್ನು ಜೋಡಿಸಿಕೊಂಡಳು. ಇವತ್ತು ಭಾನುವಾರ, ಕಾಗದ ನಾಳಿದ್ದು ಡಾಕ್ಟರಿಗೆ ತಲುಪುತ್ತದೆ. ಅಷ್ಟರಲ್ಲಿ ಅಕ್ಕ ಹೋಗಿರುತ್ತಾಳೆ. ಡಾಕ್ಟರು ತಲೆಯಾಡಿಸಿ, 'ಪಾಪ, ತಂಗಿ ಎಷ್ಟು ಒದ್ದಾಡಿದ್ದಾಳೆ' ಅನ್ನುತ್ತಾರೆ. ನರ್ಸಮ್ಮ ಬಂದು ಅವಳನ್ನು ತಬ್ಬಿಕೊಂಡು ಅಳುತ್ತಾಳೆ. ತಿಂಗಳು ಕಳೆದು ಮೆಷಿನ್ ಮೇಷ್ಟ್ರು, ಈ ಸಲ ತಲೆ ತಗ್ಗಿಸದೆ, ಬಾಗಿಲಲ್ಲಿ ನಿಲ್ಲುತ್ತಾರೆ. ಕೈಚೀಲದಲ್ಲಿ ಇಷ್ಟು ದಿನ ಉಳಿದು ಮೂಲೆ ಮೆತ್ತಗಾಗಿದ್ದ ಲಕೋಟೆಯನ್ನು ತೆಗೆದು, ವಿಳಾಸವನ್ನು ಒಮ್ಮೆ ಓದಿ, ಅವಳು ಅಂಚೆಪೆಟ್ಟಿಗೆಯ ಬಾಯಿಗೆ ಇಟ್ಟು ಬೆರಳು ಸಡಿಲಿಸಿದಳು.

ಅದು ತಳಕ್ಕೆ ಬಿದ್ದ ಸದ್ದು ಕೇಳಿತು. ಯಂತ್ರಕ್ಕೆ ಹೋದ ಹಾಳೆಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಳ್ಳುವುದು ಅವಳ ಹಳೆಯ ಚಾಳಿ. ಹಾಗೆಯೇ ಕಾಗದವನ್ನೂ ಮೊದಲ ಸಾಲಿನಿಂದ ಓದಿಕೊಂಡು ಹೋದಳು. ನಡುವಿನ ಒಂದು ಸಾಲಿನಲ್ಲಿ ಕಣ್ಣು ಸಿಕ್ಕಿಕೊಂಡಿತು: 'ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ನಿಲ್ಲಿಸಬೇಡಿ ಎಂದು ಎಲ್ಲ ಪುಸ್ತಕಗಳ ಐದನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದೆ, ಅದನ್ನು ಅಕ್ಕನಿಗೆ ದಿನವೂ ತೆಗೆದು ತೋರಿಸಿದ್ದೇನೆ.' ಬರೆದದ್ದು ಬ್ಲೇಡು ಹಿಡಿಯುವ ಮೊದಲು. ಒಂದು ಕಡೆ ತಿದ್ದಿದರೆ ಅದೇ ಮಾತು ಬರುವ ಉಳಿದ ಕಡೆಯೂ ತಿದ್ದಬೇಕೆಂದು ಪ್ರೆಸ್ಸಿಗೆ ಹೊಸದಾಗಿ ಬಂದವರಿಗೆಲ್ಲ ಹೇಳಿಕೊಡುತ್ತಿದ್ದವಳು ಅವಳೇ. ನಾಳಿದ್ದು ಆ ಲಕೋಟೆ ಒಡೆದು ಓದುವವಳು ನರ್ಸಮ್ಮ. ಅವಳ ಮೇಜಿನ ಮೇಲೆ, ಖಾಕಿ ಹೊದಿಕೆಯೊಳಗೆ, ನಾಲ್ಕಾದ ಮೇಲೆ ಏಳು ಬರುವ ಪುಸ್ತಕ. ಅವಳು ಅಂಚೆಪೆಟ್ಟಿಗೆಯ ಬಾಯಿಗೆ ಕೈ ತೂರಿಸಿದಳು. ಮಣಿಕಟ್ಟಿನವರೆಗೆ ಹೋಯಿತು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.