ಬಿರುಕಿನ ಮೇಲೊಂದು ಗಾಜಿನ ಪಟ್ಟಿ

"ಆ ಸೀರಿ ತಗೀರಿ."

ಒಳಗೆ ಕಾಲಿಟ್ಟವನ ಬಾಯಿಂದ ಬಂದ ಮೊದಲ ಮಾತೇ ಅದು! ನಮಸ್ಕಾರವಿಲ್ಲ. ಹುಡುಗಿಯರು ಬೆಳಿಗ್ಗೆಯಿಂದ ಕೂತು ಹಾಕಿದ ರಂಗೋಲಿಯ ಮೇಲೆ ಒಂದು ನೋಟವೂ ಇಲ್ಲ.

ನೀರಿನ ತಂಬಿಗೆ ಹಿಡಿದು ಎದುರು ಬಂದ ಶೀಲಾ ಅಲ್ಲೇ ನಿಂತಳು.

"ಏನಂದ್ರಿ?"

"ಗ್ವಾಡಿಗೆ ಹಾಕೀರಲ್ಲ, ಕೆಂಪ ಸೆರಗಿನ ಸೀರಿ. ತಗೀರಿ."

ಅದು ಹುಡುಗಿಯರೇ ನೇಯ್ದ ಮೊದಲ ಇಳಕಲ್ ಸೀರೆ. ಬರುವ ಅತಿಥಿಗೆ ಎದ್ದು ಕಾಣಲೆಂದು ಕಟ್ಟಿದ್ದರು. ಶೀಲಾಳ ಮುಖ ಕೆಂಪೇರಿತು.

ಎಂಥಾ ಮನುಷ್ಯಪ್ಪಾ ಇವನು!

ಅವಳು ಅಲುಗದಿದ್ದಾಗ ಅವನೇ ಹೋಗಿ ಸೆರಗನ್ನು ಮೆಲ್ಲಗೆ ಸರಿಸಿದ. ಹಿಂದೆ ಹೊಸ ಸುಣ್ಣ. ಆ ಸುಣ್ಣವನ್ನೂ ಸೀಳಿಕೊಂಡು, ತೊಲೆಯಿಂದ ನೆಲದವರೆಗೆ ಇಳಿದ ಬಿರುಕು...

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆ ಸುಣ್ಣ ಬಳಿದವರು ಅವರೇ. ಬಂದವರಿಗೆ ಮನೆ ಚೆಂದ ಕಾಣಲಿ ಎಂದಷ್ಟೇ ಬಳಿದಿದ್ದರು.

ಅವನ ಹೆಸರು ಪ್ರಬುದ್ಧ. ಮಹಿಳೆಯರು, ಹೆಣ್ಣುಮಕ್ಕಳ ಕೆಲಸಕ್ಕೆ ಅನುದಾನ ಕೊಡುವ ಬಾಗಲಕೋಟೆಯ ನವನಗರದ ಸಮುದಾಯ ನಿಧಿಯೊಂದರಿಂದ ತಪಾಸಣೆಗೆ ಬಂದವನು. ಶೀಲಾಳ ಕೇಂದ್ರ ಇನ್ನೊಂದು ವರ್ಷ ನಡೆಯುವುದೋ ಮುಚ್ಚುವುದೋ ಅವನ ವರದಿಯ ಮೇಲೆ ನಿಂತಿತ್ತು.

ಕೇಂದ್ರ ಎಂದರೆ ಇಳಕಲ್ಲಿನ ಅಂಚಿನಲ್ಲಿ, ಕಲ್ಲಿನ ಕ್ವಾರಿಯ ದಾರಿಗೆ ಹತ್ತಿದ ಓಣಿಯಲ್ಲಿ, ಸಿದ್ದಲಿಂಗವ್ವ ಎಂಬ ಮುದುಕಿಯ ಮನೆಯ ಮಗ್ಗದ ಕೋಣೆ. ಶಾಲೆ ಬಿಟ್ಟ ಹುಡುಗಿಯರು ಬೆಳಿಗ್ಗೆ ಹತ್ತನೇ ತರಗತಿಯ ಪಾಠ ಓದುತ್ತಿದ್ದರು, ಮಧ್ಯಾಹ್ನ ನೇಯ್ಗೆ ಕಲಿಯುತ್ತಿದ್ದರು.

"ಕ್ವಾರ್‍ಯಾಗ ಸ್ಫೋಟ ಯಾವಾಗ ಮಾಡ್ತಾರ?"

"ಸಂಜಿ ಮುಂದ. ಮೊದಲ ಸೈರನ್ ಊದ್ತಾರ."

"ಹುಡುಗ್ಯಾರನ್ನ ಬ್ಯಾರೆ ಕಡೆ ಕುಂಡ್ರಸ್ರಿ."

"ಬ್ಯಾರೆ ಕಡೆ?" ಶೀಲಾ ಕಹಿಯಾಗಿ ನಕ್ಕಳು. "ಸಿದ್ದಲಿಂಗವ್ವನ ಮನಿ ಅಂತ ನಂಬಿ ಇವರ ಮನ್ಯಾಗಿನವರು ಕಳಸ್ಯಾರ್ರಿ. ಈ ಗೀತಾಂಜಲಿ ಅಪ್ಪ ಏನಂದಾನ ಗೊತ್ತೈತೇನು? ಬ್ಯಾರೆ ಜಾಗಾ ಆದ್ರ ಮರುದಿನಾನ ಗಂಡ ನೋಡ್ತೇನಿ ಅಂದಾನ."

ಹದಿನಾರರ ಗೀತಾಂಜಲಿ ತಲೆ ತಗ್ಗಿಸಿದಳು.

ಪ್ರಬುದ್ಧ ಬಿರುಕಿನ ಉದ್ದಕ್ಕೂ ಬೆರಳಾಡಿಸಿದ. ಆಮೇಲೆ ಚೀಲದಿಂದ ಗಾಜಿನ ತೆಳು ಪಟ್ಟಿಯೊಂದನ್ನು ತೆಗೆದು, ಬಿರುಕಿನ ಮೇಲೆ ಅಡ್ಡಲಾಗಿಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿದ.

"ಗ್ವಾಡಿ ಕೂದಲೆಳಿಯಷ್ಟು ಸರದ್ರೂ ಇದು ಒಡೀತೈತಿ. ಒಡದ ದಿನ ಯಾರೂ ಒಳಗ ಇರಬಾರದು. ದಿನಾ ಸಂಜಿಗೆ ಫೋನ್ ಮಾಡ್ತೇನಿ. ಖರೇ ಹೇಳ್ಬೇಕು."

"ನಾ ಸುಳ್ಳ ಹೇಳಾಕಿ ಅಲ್ರಿ!"

ಮೊದಮೊದಲು ಫೋನು ಎರಡೇ ಮಾತಿನದು.

"ಗಾಜು?"

"ಐತಿ."

ಕಟ್.

ಬರಬರುತ್ತಾ ಆ ಎರಡು ಮಾತಿನ ಬಾಲಕ್ಕೆ ಇನ್ನೊಂದು, ಮತ್ತೊಂದು ಮಾತು ಸೇರಿದವು. ಊಟಾತೇನು? ಗೀತಾಂಜಲಿಗೆ ಲೆಕ್ಕ ತಿಳೀತೇನು? ಸಂಜೆಯಾದರೆ ಸಾಕು, ಶೀಲಾ ಫೋನನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದಳು.

ಸಿದ್ದಲಿಂಗವ್ವನ ಕಣ್ಣು ತಪ್ಪುತ್ತದೆಯೇ?

"ಫೋನು ಗ್ವಾಡಿ ಕೇಳಾಕ ಮಾಡ್ತಾನೋ, ಗ್ವಾಡಿ ಮುಂದ ನಿಂತಾಕಿನ್ನ ಕೇಳಾಕ ಮಾಡ್ತಾನೋ?"

"ಆಯೀ! ಸುಮ್ಮನಿರು!"

ಒಂದು ಸಂಜೆ ಅವನು ತನ್ನ ಅಜ್ಜಿಯ ಕಥೆ ಹೇಳಿದ. ಹಳೇ ಬಾಗಲಕೋಟೆಯಲ್ಲಿ ಅವರ ಮನೆ ಮುಳುಗುವ ಮೊದಲು, ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬಂತೆಂದು ತಿಳಿಯಲು ಅಜ್ಜಿ ಒಂದು ಕಲ್ಲು ಇಟ್ಟಿದ್ದಳಂತೆ.

"ನೀರ ಇನ್ನೂ ಕಲ್ಲ ಮುಟ್ಟಿಲ್ಲ ಅಂತ ದಿನಾ ಹೇಳ್ತಿದ್ಲು. ನಾವು ನಂಬಿ ಮಲಗ್ತಿದ್ವಿ. ಒಂದಿನ ಎದ್ದ ನೋಡಿದ್ರ ಹಿತ್ತಲದಾಗ ನೀರು! ದಿನಾ ಕಲ್ಲನ್ನ ಹಿಂದಕ್ಕ ಸರಿಸ್ತಿದ್ಲು, ಶೀಲಾ ಅವ್ರ... ಮನಿ ಬಿಡಾಕ ಮನಸಿರಲಿಲ್ಲ ಆಕಿಗೆ."

ಫೋನಿಟ್ಟ ಮೇಲೆ ಶೀಲಾ ಇನ್ನೊಮ್ಮೆ ಹೋಗಿ ಗಾಜು ನೋಡಿ ಬಂದಳು.

ಆ ವಾರವೇ ಕೋಣೆಯ ಬಾಗಿಲು ಚೌಕಟ್ಟಿಗೆ ಕೂಡದಂತಾಯಿತು. ಬೆಳಿಗ್ಗೆ ಕಸ ಹೊಡೆದ ನೆಲದ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಸುಣ್ಣದ ಪುಡಿ. ಸ್ಫೋಟದ ಸದ್ದಿಗೆ ಮಗ್ಗ ತಾನೇ ಕಿರುಗುಟ್ಟುತ್ತಿತ್ತು. ಪ್ರತಿ ಸಲವೂ ಶೀಲಾ ಓಡಿಹೋಗಿ ಗಾಜು ನೋಡುತ್ತಿದ್ದಳು.

ಗಾಜು ಮಾತ್ರ ಇಡಿಯಾಗಿಯೇ ಇತ್ತು. ಹೊಸದರಂತೆ ಹೊಳೆಯುತ್ತಿತ್ತು...

"ಗಾಜು?"

"ಐತ್ರಿ."

ಅವಳು ಗಾಜನ್ನು ನಂಬಿದಳು. ಅವನು ಅವಳನ್ನು ನಂಬಿದ.

ವರದಿ ಕಳಿಸುವ ಮೊದಲು ಕೊನೆಯ ಸಲ ನೋಡಲು ಪ್ರಬುದ್ಧ ಬಂದ. ಶೀಲಾ ಆ ದಿನ ನವಿಲು ಬಣ್ಣದ ಸೀರೆ ಉಟ್ಟಿದ್ದಳು. ಅವನು ಬಾಗಿಲಲ್ಲೇ ಅವಳನ್ನು ನೋಡಿ ಮುಗುಳ್ನಕ್ಕ.

ನಗು ಗೋಡೆಯ ತನಕ ಉಳಿಯಲಿಲ್ಲ.

"ನನ್ನ ಗಾಜಿನ ಮೂಲ್ಯಾಗ ಪೆನ್ನಿಲೆ ಗುರ್ತು ಹಾಕಿದ್ದೆ." ಅವನ ದನಿ ತಣ್ಣಗಾಗಿತ್ತು. "ಇದು ನಾ ಹಚ್ಚಿದ ಗಾಜಲ್ಲ."

"ಅಂದ್ರ?"

"ಒಡದಿತ್ತು. ಬದಲಿ ಮಾಡೀರಿ. ದಿನಾ 'ಐತಿ, ಐತಿ' ಅಂದ್ರಿ... ಅನುದಾನಕ್ಕಾಗಿ ಇಷ್ಟ ಮಕ್ಕಳ ಜೀವದ ಮ್ಯಾಲೆ ಸುಳ್ಳ ಹೇಳಿದ್ರಿ!"

"ಪ್ರಬುದ್ಧ ಅವ್ರ... ನಾ ಮಾಡಿಲ್ಲ."

"ಮತ್ತ ಯಾರ್ ಮಾಡಿದ್ರು?"

ಅವಳು ಬಾಗಿ ಗಾಜಿನ ಮೂಲೆ ನೋಡಿದಳು. ಗುರುತು ಇರಲಿಲ್ಲ.

"ಇವತ್ತ ಹುಡುಗ್ಯಾರನ್ನ ಮನಿಗೆ ಕಳಸ್ರಿ. ನಾಳೆ ಕೇಂದ್ರ ತೆಗದಿರಬಾರದು." ಹೇಳಿ ಹೊರಗೆ ನಡೆದುಬಿಟ್ಟ.

ನನ್ನ ಮಾತಿನ ಮೇಲೆ ಅವನಿಗೆ ಇಷ್ಟೇ ನಂಬಿಕೆಯೇ? ಇಷ್ಟು ದಿನ ಮಾತಾಡಿದ್ದು ಬರೀ ತಪಾಸಣೆಯೇ?

ಒಳಗೆ ಹುಡುಗಿಯರು ಮನೆಗೆ ಹೊರಡುವ ಮೊದಲು ಮಗ್ಗದ ಮೇಲಿನ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಮುಗಿಸುತ್ತಿದ್ದರು. ಅಡಿಗೆ ಮನೆಯಲ್ಲಿ ಗೋಡೆಗೊರಗಿ ಅಳುತ್ತಿದ್ದ ಶೀಲಾಳ ತಲೆಯ ಮೇಲೆ ಸಿದ್ದಲಿಂಗವ್ವ ಕೈ ಇಟ್ಟಳು.

"ಅದಕ್ಕ ಯಾಕಷ್ಟ ಅಳ್ತಿಯವ್ವಾ? ಗಾಜು ಬದಲಿ ಮಾಡಿದಾಕಿ ನಾನು."

ಶೀಲಾ ತಟ್ಟನೆ ಮುಖ ಎತ್ತಿದಳು.

"ಒಡದ ಗಾಜು ಮನ್ಯಾಗ ಇಟ್ಕೋಬಾರದು. ಕೆಟ್ಟ ಆಗ್ತೈತಿ. ನಸಿಕಿನ್ಯಾಗ ದೇವರಿಗೆ ದೀಪಾ ಹಚ್ಚಾಕ ಎದ್ದಾಗ ಕಂಡ್ತು. ತಗದ ಒಗದು, ಫೋಟೋಕ್ಕ ಕಟ್ಟ ಹಾಕೋ ಮುಕ್ತಾರನ ಕಡೆ ಹೊಸಾದು ಕೊಯಿಸ್ಕೊಂಡು ಬಂದು ಹಚ್ಚಿದೆ. ಗ್ವಾಡಿಗೆ ಗಾಜು ಹಚ್ಚೂದು ದೃಷ್ಟಿ ತಾಗಬಾರದಂತ ಅಲ್ಲೇನು?"

"ಆಯೀ... ಎಷ್ಟ ಸಲ ಒಡೀತು?"

"ಮೂರ ಸಲ."

ಮೂರು ಸಲ!

ಶೀಲಾ ಮಗ್ಗದ ಕೋಣೆಯ ಕಡೆ ಓಡಿದಳು. ಅಷ್ಟರಲ್ಲೇ ದೂರದಲ್ಲಿ ಕ್ವಾರಿಯ ಸೈರನ್ ಊದತೊಡಗಿತು...

"ಹೊರಗ ಬರ್ರಿ! ಎಲ್ಲಾರೂ ಹೊರಗ ಬರ್ರಿ!"

ಅವಳ ಕೂಗಿಗೆ ಹುಡುಗಿಯರು ದಡಬಡಿಸಿ ಓಡಿದರು. ಗೀತಾಂಜಲಿ ಮಾತ್ರ ಮಗ್ಗದ ಬಳಿಯೇ ಕೂತಿದ್ದಳು. ಕೊಂಡಿಯನ್ನು ಅರ್ಧಕ್ಕೆ ಬಿಟ್ಟರೆ ಎಳೆಗಳೆಲ್ಲ ಜಾರಿಹೋಗುತ್ತವೆ. ಆ ಓಣಿಯಲ್ಲಿ ಬೆಳೆದ ಯಾವ ಹುಡುಗಿಯೂ ನಡುವೆ ಕೈ ಬಿಡುವುದಿಲ್ಲ.

"ಅಕ್ಕಾರ, ಇನ್ನೊಂದೀಟ ಉಳದಾವು..."

"ಬಿಡ ಅದನ್ನ!"

ಶೀಲಾ ಒಳಗೆ ನುಗ್ಗಿ ಹುಡುಗಿಯ ರಟ್ಟೆ ಹಿಡಿದೆಳೆದಳು. ಬಾಗಿಲು ತಿರುಗಿ ಬಂದು ಸೊಟ್ಟ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಎಳೆದಳು. ಒದ್ದಳು. ಬರಲಿಲ್ಲ...

ಸೈರನ್ ನಿಂತಿತು.

"ಶೀಲಾ!"

ಹೊರಗಿನಿಂದ ಯಾರೋ ಭುಜ ಕೊಟ್ಟು ಗುದ್ದಿದರು. ಒಂದು ಸಲ... ಇನ್ನೊಂದು ಸಲ... ಬಾಗಿಲು ಕಿತ್ತುಬಂತು. ಪ್ರಬುದ್ಧ! ಹೋಗಿರಲಿಲ್ಲ ಅವನು. ಹುಡುಗಿಯರು ಮನೆ ಸೇರುವ ತನಕ ಕಾಲು ಕೀಳಲಾರದೆ ಓಣಿಯ ತಿರುವಿನಲ್ಲೇ ನಿಂತಿದ್ದ.

ಮೂವರೂ ಅಂಗಳ ದಾಟುವಷ್ಟರಲ್ಲಿ ನೆಲ ಒಮ್ಮೆ ನಡುಗಿತು. ಆಮೇಲೆ ಮೌನ. ಏನೂ ಆಗಲಿಲ್ಲವಲ್ಲ ಎಂದು ಯಾರೋ ಉಸಿರು ಬಿಟ್ಟರು.

ಆಗ ಗೋಡೆ ಕುಳಿತಿತು. ಸುಸ್ತಾದ ಮನುಷ್ಯ ಕುಸಿದು ಕೂರುವಂತೆ ನಿಧಾನವಾಗಿ... ತೊಲೆ, ಮಗ್ಗ, ಕೆಂಪು ಸೆರಗು, ಎಲ್ಲವನ್ನೂ ಮಡಿಲಿಗೆ ಎಳೆದುಕೊಂಡು.

ಧೂಳಿನೊಳಗೆ ಸಿದ್ದಲಿಂಗವ್ವನ ದನಿ ನಡುಗಿತು. "ನಾ ಮಾಡಿದ್ದಪ್ಪಾ... ಆಕಿದು ತಪ್ಪಿಲ್ಲ. ಆಕಿಗೆ ಗೊತ್ತ ಇರಲಿಲ್ಲ."

ಪ್ರಬುದ್ಧ ಶೀಲಾಳ ಕಡೆ ತಿರುಗಿದ. ಅವಳು ಗೀತಾಂಜಲಿಯನ್ನು ಅಪ್ಪಿಕೊಂಡು ಮುಖ ಆ ಕಡೆ ಮಾಡಿದಳು.

ಆ ಸಂಜೆಯಿಂದ ಫೋನು ಬರಲಿಲ್ಲ.

ಬಸ್ ನಿಲ್ದಾಣದ ಹಿಂದೆ ನೇಕಾರರದೊಂದು ಖಾಲಿ ಶೆಡ್ ಸಿಕ್ಕಿತು. ಆದರೆ ಹುಡುಗಿಯರನ್ನು ಮನೆಯವರು ಅಲ್ಲಿಗೆ ಬಿಡುತ್ತಾರೆಯೇ? ಆ ಪ್ರಶ್ನೆಗೆ ಸಿದ್ದಲಿಂಗವ್ವ ಬಾಯಲ್ಲಿ ಉತ್ತರ ಕೊಡಲಿಲ್ಲ. ತಾನು ಮಲಗುವ ಹೊರಸನ್ನು ಹೊರಿಸಿಕೊಂಡು ಬಂದು ಶೆಡ್ಡಿನ ಬಾಗಿಲಿಗೇ ಹಾಕಿಸಿದಳು.

ಜಗಳಕ್ಕೆಂದೇ ಬಂದ ಗೀತಾಂಜಲಿಯ ಅಪ್ಪ ಅವಳನ್ನು ಕಂಡು ತಡವರಿಸಿದ.

"ಮಗಳನ್ನ ನನ್ನ ನೋಡಿ ಬಿಟ್ಟಿದ್ದೀಯೋ, ನನ್ನ ಗ್ವಾಡಿ ನೋಡಿ ಬಿಟ್ಟಿದ್ದೀಯೋ?"

"ನಿಮ್ಮನ್ನ ನೋಡಿರಿ, ಯವ್ವಾ..."

"ಹಂಗಾದ್ರ ಬಿಟ್ಟ ಹೋಗು. ಸಂಜಿಗೆ ಬಾ."

ನಿಧಿಯವರಿಂದ ಒಪ್ಪಿಗೆ ಬಂತು. ಕರೆ ಮಾಡಿದ್ದು ವಿದ್ಯಾ ಎಂಬ ಹೊಸ ಅಧಿಕಾರಿ. ಶೀಲಾ ಸಂತೋಷಪಟ್ಟಳು, ಮತ್ತೆ ಒಳಗೊಳಗೇ ಕುಗ್ಗಿದಳು. ಅವನು ಕಡತವನ್ನೂ ಕೈಬಿಟ್ಟನೇ? ಮುಖ ನೋಡಲೂ ಬೇಡವಾಯಿತೇ?

ಅದೇ ಸಂಜೆ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು.

"ಕೇಂದ್ರದ ಕಡತ ನಾನಾಗೇ ವಿದ್ಯಾ ಅವ್ರಿಗೆ ಕೊಟ್ಟ ಬಂದೀನಿ." ಪ್ರಬುದ್ಧ ಹೊಸ್ತಿಲ ಆಚೆಯೇ ನಿಂತಿದ್ದ. "ಮಂಜೂರಿ ಆಗೋ ತನಕ ಈ ಕಡೆ ಬರಬಾರದಿತ್ತು. ತಪಾಸಣಿ ಮಾಡಾಂವ ಈ ಮಾತು ಹೇಳಬಾರದು."

"ಯಾವ ಮಾತು?"

"ನಿಮ್ಮ ದನಿ ಕೇಳ್ದಿದ್ರ ನನಗ ಸಂಜಿ ಆಗೂದಿಲ್ಲ, ಶೀಲಾ."

ಅವಳ ಕಣ್ಣು ತುಂಬಿತು. "ಸುಳ್ಳ ಹೇಳ್ತಿ ಅಂದ್ರಿ ನನಗ!"

"ಅಂದೆ. ಅಜ್ಜಿ ಮ್ಯಾಲಿನ ಸಿಟ್ಟು ನಿಮ್ಮ ಮ್ಯಾಲೆ ಹಾಕಿದೆ. ತಪ್ಪಾತು."

ದೂರದಲ್ಲಿ ಕ್ವಾರಿಯ ಸೈರನ್ ಊದಿತು. ಇಬ್ಬರೂ ಒಟ್ಟಿಗೇ ಗೋಡೆಯತ್ತ ತಿರುಗಿದರು. ಉಸಿರು ಬಿಗಿಹಿಡಿದರು. ಯಾವಾಗ ಅವನು ಒಳಗೆ ಬಂದನೋ, ಯಾವಾಗ ಅವಳ ಬೆರಳು ಅವನ ಬೆರಳಿಗೆ ಕೊಂಡಿ ಹಾಕಿತೋ...

ನೆಲ ಸಣ್ಣಗೆ ನಡುಗಿತು. ಗೋಡೆ ನಿಂತೇ ಇತ್ತು.

"ಗಾಜು?" ರೂಢಿಯಂತೆ ಅವನ ಬಾಯಿಂದ ಬಂತು.

"ಇಲ್ಲಿ ಹಚ್ಚಿಲ್ರಿ." ಅವಳು ಕೈ ಬಿಡಲಿಲ್ಲ. "ಗಾಜು ನಂಬೂದು ಸಾಕಾತು. ನೀವ ಬಂದು ನೋಡ್ಬೇಕಾಗ್ತೈತಿ."

"ದಿನಾ?"

"ದಿನಾ."