ಅತ್ತೆಯ ಕುಟ್ಟಾಣಿ

ನಂಬುವವರು ನಂಬಲಿ. ಅರವತ್ತೊಂದನೇ ಇಸವಿಯ ಹಿರಿಯರ ಹಬ್ಬ. ಹರಿಹರದ ನಮ್ಮ ಮನೆಯಲ್ಲಿ, ತೀರಿಹೋದ ಅತ್ತೆಗೆ ಅದೇ ಮೊದಲ ಎಡೆ. ಹಲ್ಲಿಲ್ಲದ ಅವರು ದಿನವೂ ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟಿ, ಅರ್ಧ ತಾವು ತಿಂದು ಅರ್ಧ ನನಗೆ ಕೊಡುತ್ತಿದ್ದರು. ಎಡೆಗಿಡಲೆಂದು ಅದನ್ನು ತೊಳೆದು ತರುವಷ್ಟರಲ್ಲಿ, ತೀರಿಹೋದ ಹಿರಿಯರು ಬಂದು ಉಣ್ಣಲೆಂದು ಮನೆಯವರು ಎಡೆಯಿಟ್ಟ ಕೋಣೆಯ ಕದ ಮುಚ್ಚಿಬಿಟ್ಟಿದ್ದರು.

“ಈಗ ತೆಗೀಬಾರ್ದು, ಇಲ್ಲೇ ಕೂತ್ಕ,” ಎಂದರು ಗಂಡನ ಅಕ್ಕ ಯಲ್ಲಕ್ಕ.

ಖಾಲಿ ಕುಟ್ಟಾಣಿಯನ್ನು ಮಡಿಲಲ್ಲಿಟ್ಟುಕೊಂಡು ಕದದ ಮುಂದೆ ಕುಳಿತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಣ್, ಟಣ್ ಎಂದು ಕುಟ್ಟುವ ಸದ್ದು ಬಂತು.

ಯಲ್ಲಕ್ಕ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. “ಕುಟ್ಟಾಣಿ ನಿನ್ನತ್ರಾನೆ ಐತಲ್ಲೇ?”

ಸದ್ದು ನಿಂತಿತು. ನನ್ನ ಮಡಿಲು ಬೆಚ್ಚಗಾಯಿತು. ಬಗ್ಗಿ ನೋಡಿದೆ. ಕುಟ್ಟಾಣಿಯ ತಳದಲ್ಲಿ ಆಗಷ್ಟೇ ಕುಟ್ಟಿದ ಎಲೆಅಡಿಕೆ ಇತ್ತು. ನನ್ನ ಪಾಲಿನ ಅರ್ಧ.